ಪಿಕಪ್‌ನ ಕ್ಯಾಬಿನಿಂದ ಬೆಡ್‌ಗೆ ಒಂದು ಕಿಂಡಿ: ಮಳೆಯಲ್ಲಿ ಇಳಿಯದೆ ಹಾಸಿಗೆ ಸೇರುವ ದಾರಿ

ನವೆಂಬರ್ ತಿಂಗಳು, ರಾತ್ರಿ ಹತ್ತೂವರೆ. ವಾಷಿಂಗ್ಟನ್ ರಾಜ್ಯದ ಹೋ ಮಳೆಕಾಡಿನ ಹತ್ತಿರ ಒಂದು ಮಣ್ಣು ರಸ್ತೆಯ ಪಕ್ಕ ಗಾಡಿ ನಿಲ್ಲಿಸಿದ್ದೆ. ಆ ಕಾಡಿನಲ್ಲಿ ವರ್ಷಕ್ಕೆ ಸುಮಾರು 140 ಇಂಚು ಮಳೆ. ಆಗುಂಬೆಯ ಅರ್ಧದ ಹತ್ತಿರ, ಆದರೆ ಈ ಮಳೆಗೆ ಚಳಿಯೂ ಸೇರಿಕೊಂಡಿರುತ್ತದೆ. ಡ್ರೈವರ್ ಸೀಟಿನಿಂದ ಹಿಂದೆ ಹಾಸಿದ್ದ ಹಾಸಿಗೆಗೆ ನೇರ ಅಳೆದರೆ ಮೂರು ಅಡಿ. ಹೋಗಬೇಕಾದ ದಾರಿ ಮಾತ್ರ ಬೇರೆ. ಬಾಗಿಲು ತೆಗೆದು ಕೆಸರಿಗೆ ಇಳಿಯಬೇಕು, ಗಾಡಿ ಸುತ್ತಬೇಕು, ಹಿಂದಿನ ಗಾಜು ಎತ್ತಬೇಕು, ಟೇಲ್‌ಗೇಟ್ ಎಂಬ ಹಿಂಬಾಗಿಲು ಇಳಿಸಬೇಕು, ಮಂಡಿಯೂರಿ ತೆವಳಬೇಕು. ಒಳಗೆ ಸೇರುವ ಹೊತ್ತಿಗೆ ಜಾಕೆಟ್ ನೆಂದಿತ್ತು, ಹಾಸಿಗೆಯ ಕಾಲ ತುದಿ ಒದ್ದೆಯಾಗಿತ್ತು. ಅವತ್ತೇ ಕ್ಯಾಬಿಗೂ ಬೆಡ್‌ಗೂ ನಡುವೆ ಒಂದು ಕಿಂಡಿ ಮಾಡಲೇಬೇಕು ಅಂತ ತೀರ್ಮಾನಿಸಿದೆ.

ಅಮೆರಿಕದಲ್ಲಿ ಪಿಕಪ್ ಇಟ್ಟುಕೊಂಡು ಕ್ಯಾಂಪಿಂಗ್ ಹೋಗುವ ಕನ್ನಡಿಗರು ಈಗ ಜಾಸ್ತಿ ಆಗಿದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಈ ಕೆಲಸವನ್ನು ಬಿಡಿಸಿ ಬರೆಯುತ್ತಿದ್ದೇನೆ. ಮೊದಲು ಮೂರು ಪದ. ಡ್ರೈವರ್, ಜನ ಕೂರುವ ಮುಂಭಾಗಕ್ಕೆ ಕ್ಯಾಬು ಎಂದು ಹೆಸರು. ಲೋಡು ಹಾಕುವ ಹಿಂಭಾಗಕ್ಕೆ ಇಲ್ಲಿ ಬೆಡ್ ಅನ್ನುತ್ತಾರೆ, ನಮ್ಮೂರಿನ ಲಾರಿಯವರು ಬಾಡಿ ಅನ್ನುತ್ತಾರೆ. ಈ ಲೇಖನದಲ್ಲಿ ಬೆಡ್ ಅಂದರೆ ಅದೇ. ಮಲಗುವುದಕ್ಕೆ ಹಾಸಿಗೆ ಎಂದೇ ಬರೆಯುತ್ತೇನೆ. ಬೆಡ್ ಮೇಲೆ ಕೂರಿಸುವ ಮುಚ್ಚಳದಂಥ ಗೂಡಿಗೆ ಟಾಪರ್ ಎಂದು ಹೆಸರು.

ಮೊದಲು ನಿಮ್ಮ ಗಾಡಿ ಹೇಗೆ ತಿರುಚುತ್ತದೆ ನೋಡಿ

ಹೆಚ್ಚಿನ ಪಿಕಪ್‌ಗಳಲ್ಲಿ ಕ್ಯಾಬು, ಬೆಡ್ಡು ಒಂದೇ ಡಬ್ಬಿ ಅಲ್ಲ. ಕೆಳಗೆ ಏಣಿಯಂಥ ಚಾಸಿ ಇರುತ್ತದೆ. ಕ್ಯಾಬು ಅದರ ಮೇಲೆ ದಪ್ಪ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ. ಬೆಡ್ಡನ್ನು ಚಾಸಿಗೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಕಲ್ಲು ಹತ್ತಿದಾಗ ಚಾಸಿ ತಿರುಚುತ್ತದೆ. ಆಗ ಕ್ಯಾಬು ಒಂದು ಕಡೆಗೆ, ಬೆಡ್ಡು ಇನ್ನೊಂದು ಕಡೆಗೆ ವಾಲುತ್ತದೆ. ಅವೆರಡರ ನಡುವೆ ಕಂಪನಿಯವರು ಸಂದು ಬಿಟ್ಟಿರುವುದು ಇದೇ ಕಾರಣಕ್ಕೆ.

ಈ ಲೇಖನದ ಮುಖ್ಯ ಮಾತು ಇಲ್ಲೇ ಇದೆ. ಕ್ಯಾಬನ್ನೂ ಬೆಡ್ಡನ್ನೂ ಗಟ್ಟಿಯಾಗಿ ಸೇರಿಸಬಾರದು. ತಗಡು ಬಡಿದು ಸೇರಿಸಿದರೆ ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಗಾಜು ಒಡೆಯುತ್ತದೆ, ಕೊನೆಗೆ ತಗಡೇ ಸೀಳುತ್ತದೆ. ನಡುವೆ ಬರುವ ವಸ್ತು ಹಾರ್ಮೋನಿಯಂ ತಿದಿಯ ಹಾಗಿರಬೇಕು. ರೈಲಿನಲ್ಲಿ ಒಂದು ಬೋಗಿಯಿಂದ ಇನ್ನೊಂದಕ್ಕೆ ದಾಟುವಾಗ ಮಡಿಕೆ ಮಡಿಕೆಯ ಗೋಡೆ ಕಾಣುತ್ತದಲ್ಲ, ಅದೇ ಲೆಕ್ಕ. ಇಲ್ಲಿನವರು ಇದಕ್ಕೆ ಬೂಟ್ ಅನ್ನುತ್ತಾರೆ. ನನಗೆ ತಿದಿ ಅನ್ನುವ ಪದವೇ ಹಿಡಿಸಿದೆ. ಅದು ಮಾಡುವ ಕೆಲಸ ಹೆಸರಿನಲ್ಲೇ ಇದೆ.

ಒಂದೇ ಬಾಡಿಯ ಪಿಕಪ್‌ಗಳೂ ಇವೆ: ಹೋಂಡಾ ರಿಡ್ಜ್‌ಲೈನ್, ಫೋರ್ಡ್ ಮ್ಯಾವೆರಿಕ್, ಹ್ಯೂಂಡೈ ಸ್ಯಾಂಟಾ ಕ್ರೂಜ್. ಅವುಗಳಲ್ಲಿ ಈ ಓಲಾಟ ತೀರಾ ಕಡಿಮೆ, ಆದ್ದರಿಂದ ಕೆಲಸ ಸುಲಭ. ಷೆವರ್ಲೆ ಅವಲಾಂಚ್ ಎಂಬ ಗಾಡಿ 2002ರಿಂದ 2013ರ ಮಾಡೆಲ್‌ವರೆಗೆ ಬರುತ್ತಿತ್ತು. ಅದರಲ್ಲಿ ಕ್ಯಾಬಿನ ಹಿಂದಿನ ಗೋಡೆಯೇ ಮಡಚಿಕೊಳ್ಳುತ್ತಿತ್ತು. ಕ್ಯಾಬು, ಬೆಡ್ಡು ಒಂದೇ ತುಂಡಾಗಿದ್ದರಿಂದ ಅದು ಸಾಧ್ಯವಾಯಿತು. ಈಗ ಅದೇ ಕಂಪನಿಯ ಸಿಲ್ವೆರಾಡೋ ಪಿಕಪ್‌ನ ಎಲೆಕ್ಟ್ರಿಕ್ ಮಾಡೆಲ್‌ಗೂ ಅಂಥ ಗೋಡೆ ಬಂದಿದೆ. ಹೊಸ ಗಾಡಿ ಕೊಳ್ಳುವ ಯೋಚನೆ ಇದ್ದರೆ ಅದನ್ನು ಒಮ್ಮೆ ನೋಡಿ. ನನ್ನದು ಹಳೆಯ ಟೊಯೋಟಾ ಟಕೋಮಾ, ಆರಡಿ ಬೆಡ್. ಕೆಳಗಿನ ಅಳತೆಗಳೆಲ್ಲ ಅದರವು. ನಿಮ್ಮದನ್ನು ನೀವೇ ಅಳೆಯಬೇಕು.

ಅಳೆಯುವುದಕ್ಕೆ ಒಳ್ಳೆಯ ಉಪಾಯ ಅಡುಗೆಮನೆಯಲ್ಲಿದೆ. ಚಪಾತಿ ಹಿಟ್ಟನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ ನಾಲ್ಕು ಉಂಡೆ ಮಾಡಿ. ಒಂದೊಂದನ್ನೂ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ. ಕ್ಯಾಬಿಗೂ ಟಾಪರ್‌ಗೂ ನಡುವಿನ ಸಂದಿನ ನಾಲ್ಕು ಮೂಲೆಯಲ್ಲಿ ಎರಡೂ ಕಡೆ ತಾಗುವ ಹಾಗೆ ಒತ್ತಿ, ಟೇಪು ಹಾಕಿ. ಆಮೇಲೆ ಗುಂಡಿ ಬಿದ್ದ ಕಾಡುರಸ್ತೆಯಲ್ಲಿ ಮೂರ್ನಾಲ್ಕು ಮೈಲಿ ನಿಧಾನಕ್ಕೆ ಓಡಿಸಿ. ನಾನು ಇಳಿದು ನೋಡಿದಾಗ ಕೆಳಗಿನ ಎರಡು ಉಂಡೆ ಹೆಚ್ಚುಕಮ್ಮಿ ಹಾಗೇ ಇದ್ದವು. ಮೇಲಿನ ಎಡಗಡೆಯದು ಚಪ್ಪಟೆಯಾಗಿ ಅಂಚು ಹೊರಗೆ ಚಿಮ್ಮಿತ್ತು. ಬಲಗಡೆಯದು ಕ್ಯಾಬು ಬಿಟ್ಟು ಟಾಪರ್‌ಗೆ ಮಾತ್ರ ಅಂಟಿಕೊಂಡಿತ್ತು. ನಿಂತಾಗ 3 ಇಂಚು ಇದ್ದ ಸಂದು ಮೇಲಿನ ಮೂಲೆಗಳಲ್ಲಿ ಎರಡೂಕಾಲು ಇಂಚಿಗೆ ಇಳಿದು, ಮೂರೂ ಮುಕ್ಕಾಲು ಇಂಚಿಗೆ ಏರುತ್ತಿತ್ತು. ಒಟ್ಟು ಒಂದೂವರೆ ಇಂಚಿನ ಓಡಾಟ! ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ. ಈ ಅಳತೆಗಳನ್ನು ಬರೆದಿಡಿ. ತಿದಿ ಹೊಲಿಯುವಾಗ ಬೇಕು.

ಕಿಂಡಿ ಎಷ್ಟು ದೊಡ್ಡದಿರಬೇಕು

ಮೂರು ದಾರಿ ಇವೆ. ಒಂದನೆಯದರಲ್ಲಿ ಕ್ಯಾಬಿನ ಹಿಂದಿನ ಗಾಜಿಗೆ ನಡುವೆ ಜಾರುವ ಕಿಟಕಿ ಇರುತ್ತದೆ, ಟಾಪರ್‌ನ ಮುಂದಿನ ಗಾಜೂ ತೆರೆಯುತ್ತದೆ, ಎರಡರ ನಡುವೆ ತಿದಿ. ಕೈ ಹಾಕಿ ನೀರಿನ ಬಾಟಲಿ ತೆಗೆದುಕೊಳ್ಳಬಹುದು, ನಾಯಿ ಓಡಾಡಬಹುದು. ದೊಡ್ಡವರು ನುಸುಳುವುದು ಕಷ್ಟ. ಆದರೆ ಗಾಡಿಗೆ ಯಾವ ಗಾಯವೂ ಆಗುವುದಿಲ್ಲ. ಎಷ್ಟೋ ಜನಕ್ಕೆ ಇಷ್ಟೇ ಸಾಕು.

ಎರಡನೆಯದು ಹಿಂದಿನ ಗಾಜನ್ನು ಪೂರ್ತಿ ತೆಗೆದು, ಆ ಜಾಗಕ್ಕೆ ಬಾಗಿಲಿರುವ ಹಲಗೆ ಕೂರಿಸುವುದು. ನಾನು ಮಾಡಿದ್ದು ಇದು. ಮೂರನೆಯದು ಕ್ಯಾಬಿನ ಹಿಂದಿನ ತಗಡನ್ನೇ ಕೊಯ್ದು ದೊಡ್ಡ ದಾರಿ ಮಾಡುವುದು.

ಮೂರನೆಯದನ್ನು ಮಾಡಬೇಡಿ. ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆ ಗೋಡೆ ಸುಮ್ನೆ ನಿಂತಿಲ್ಲ. ಹಿಂದಿನ ಸೀಟಿನ ಬೆಲ್ಟು, ಮಕ್ಕಳ ಸೀಟಿನ ಪಟ್ಟಿ ಸಿಕ್ಕಿಸುವ ಕೊಂಡಿ ಸಾಮಾನ್ಯವಾಗಿ ಅದರ ಮೇಲೇ ಇರುತ್ತವೆ. ಗಾಡಿ ಪಲ್ಟಿ ಹೊಡೆದಾಗ ಚಾವಣಿ ಕುಸಿಯದ ಹಾಗೆ ಹಿಡಿಯುವುದರಲ್ಲೂ ಅದರ ಪಾಲಿದೆ. ಕೊಯ್ದ ಅಂಚಿಗೆ ತುಕ್ಕು ಹಿಡಿಯುವುದಂತೂ ಖಂಡಿತ. ಗಾಜಿನ ಚೌಕಟ್ಟಿನ ಒಳಗಷ್ಟೇ ನಿಮ್ಮ ಕೆಲಸ ಇರಲಿ. ತಗಡಿಗೆ ಗರಗಸ ಮುಟ್ಟಿಸಬೇಡಿ.

ಗಾಜು ತೆಗೆಸುವ ಮೊದಲು ಮನೆಯ ಹಜಾರದಲ್ಲಿ ಒಂದು ಪರೀಕ್ಷೆ ಮಾಡಿ. ದೊಡ್ಡ ರಟ್ಟಿನ ಪೆಟ್ಟಿಗೆ ತಂದು ನಿಮ್ಮ ಕಿಟಕಿಯ ಅಳತೆಗೆ ತೂತು ಕೊಯ್ಯಿರಿ. ಕಿಟಕಿಯ ಕೆಳಗಿನ ಅಂಚು ಕ್ಯಾಬಿನ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಅದನ್ನು ನಿಲ್ಲಿಸಿ. ಚಳಿ ಜಾಕೆಟ್ ಹಾಕಿಕೊಂಡು ತೂರಿ ನೋಡಿ. ನನ್ನ ಕಿಂಡಿ 26 ಇಂಚು ಅಗಲ, 15 ಇಂಚು ಎತ್ತರ. ತಲೆ ಮತ್ತು ಒಂದು ಕೈ ಮೊದಲು ಹೋಗಬೇಕು, ಭುಜ ಓರೆ ಮಾಡಬೇಕು, ಸೊಂಟ ಕೊನೆಗೆ. ಮೊಣಕಾಲು ನೋವಿರುವವರಿಗೆ ಇದು ಹಿಡಿಸಲಿಕ್ಕಿಲ್ಲ. ರಟ್ಟಿನಲ್ಲೇ ಅದು ಗೊತ್ತಾದರೆ ಒಳ್ಳೆಯದಲ್ವಾ?

ಟಾಪರ್ ಆರಿಸುವಾಗ

ಕ್ಯಾಬಿನಷ್ಟೇ ಎತ್ತರದ ಟಾಪರ್ ತೆಗೆದುಕೊಳ್ಳಿ. ಆಗ ಅದರ ಮುಂದಿನ ಕಿಟಕಿ ಕ್ಯಾಬಿನ ಕಿಟಕಿಗೆ ಎದುರಾಬದುರು ಬರುತ್ತದೆ. ಎತ್ತರದ ಟಾಪರ್ ಒಳಗೆ ಕೂರುವುದಕ್ಕೆ ಸುಖ, ಆದರೆ ಎರಡು ಕಿಟಕಿಯ ಸಾಲು ಕೂಡುತ್ತದೆಯೇ ಅಂತ ಅಳೆದೇ ಹಣ ಕೊಡಿ. ಆರ್ಡರ್ ಕೊಡುವಾಗಲೇ ಮುಂದಿನ ಗಾಜು ಮಡಚಿಕೊಳ್ಳುವಂಥದ್ದು ಬೇಕು ಅಥವಾ ಗಾಜೇ ಬೇಡ ಎಂದು ಹೇಳಿ. ಕೆಲವು ಟಾಪರ್‌ಗಳಲ್ಲಿ ಗಾಜು ತೊಳೆಯುವುದಕ್ಕೆಂದು ಮುಂದಿನ ಕಿಟಕಿ ಒಳಕ್ಕೆ ಮಡಚಿಕೊಳ್ಳುತ್ತದೆ. ಅದು ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಕ್ಯಾಬಿನ ಹಿಂದೆ ಮೇಲ್ಗಡೆ ಮೂರನೆಯ ಬ್ರೇಕ್ ದೀಪ ಇರುತ್ತದೆ. ಟಾಪರ್ ಕೂತ ಮೇಲೆ ಹಿಂದಿನವರಿಗೆ ಅದು ಕಾಣುವುದಿಲ್ಲ. ಟಾಪರ್‌ನ ಹಿಂಭಾಗದಲ್ಲಿ ಅದಕ್ಕೇ ಒಂದು ದೀಪ ಇರುತ್ತದೆ, ಅದರ ವೈರು ಜೋಡಿಸಿದ್ದಾರೆಯೇ ನೋಡಿ. ಇನ್ನೊಂದು ವಿಷಯ: ಎಷ್ಟೋ ಟಾಪರ್‌ಗಳ ಹಿಂದಿನ ಗಾಜನ್ನು ಒಳಗಿನಿಂದ ತೆರೆಯಲು ಆಗುವುದಿಲ್ಲ. ಒಳಗಿನಿಂದ ತೆರೆಯುವ ಹಿಡಿ ಹಾಕಿಸಿ. ಕಿಂಡಿ ಇದ್ದರೂ ಹಾಕಿಸಿ. ಬೆಂಕಿ ಬಿದ್ದರೆ ಎರಡು ದಾರಿ ಬೇಕು.

ತೂಕದ ಲೆಕ್ಕವನ್ನೂ ಈಗಲೇ ಮಾಡಿ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತಾರೆ. 1,100 ಪೌಂಡ್ ಅಂತ ಇದೆ ಎಂದುಕೊಳ್ಳಿ. ಇಬ್ಬರು ಜನ 320, ಟಾಪರ್ 180, ಮಲಗುವ ಅಟ್ಟ ಮತ್ತು ಹಾಸಿಗೆ 90, ಹತ್ತು ಗ್ಯಾಲನ್ ನೀರು 83. ಉಳಿದದ್ದು 427. ಅದರಲ್ಲೇ ಒಲೆ, ಆಹಾರ, ಉಪಕರಣ, ನಾಯಿ ಎಲ್ಲ ಬರಬೇಕು.

ಗಾಜು ತೆಗೆಯುವುದು, ಹಲಗೆ ಕೂರಿಸುವುದು

ಹಳೆಯ ಗಾಡಿಗಳಲ್ಲಿ ಹಿಂದಿನ ಗಾಜನ್ನು ರಬ್ಬರ್ ಗ್ಯಾಸ್ಕೆಟ್ ಹಿಡಿದಿರುತ್ತದೆ. ಒಳಗಿನಿಂದ ರಬ್ಬರಿನ ತುಟಿ ಬಿಡಿಸುತ್ತಾ ಇಬ್ಬರು ನಿಧಾನಕ್ಕೆ ಒತ್ತಿದರೆ ಬಂದುಬಿಡುತ್ತದೆ. ಹೊಸ ಗಾಡಿಗಳಲ್ಲಿ ಯುರೆಥೇನ್ ಅಂಟು ಇರುತ್ತದೆ, ತಂತಿ ಹಾಕಿ ಕೊಯ್ಯಬೇಕು. ನಿಮ್ಮದು ಅಂಟಿನದ್ದಾಗಿದ್ದರೆ ಗಾಜಿನ ಅಂಗಡಿಯವರಿಂದ ತೆಗೆಸಿ. ಹಿಂದಿನ ಗಾಜು ಟೆಂಪರ್ ಮಾಡಿದ್ದು. ಅಂಚಿಗೆ ಒಂದು ಏಟು ಬಿದ್ದರೆ ಸಾಕು, ಸಾವಿರ ಚೂರು. ಅದನ್ನು ಕೊಯ್ದು ಚಿಕ್ಕದು ಮಾಡುವುದೂ ಆಗದ ಮಾತು. ತೆಗೆದ ಗಾಜನ್ನು ಕಂಬಳಿಯಲ್ಲಿ ಸುತ್ತಿ, ಅಂಚಿನ ಮೇಲೆ ನಿಲ್ಲಿಸಿ ಇಡಿ. ಗಾಡಿ ಮಾರುವ ದಿನ ಅದು ಬೇಕಾಗುತ್ತದೆ.

ಅಂಟು ತೆಗೆಯುವಾಗ ಬಣ್ಣಕ್ಕೆ ಗೀರು ಬಿದ್ದರೆ ಅವತ್ತೇ ಪ್ರೈಮರ್ ಹಚ್ಚಿ. ಪ್ರೈಮರ್ ಇಲ್ಲದ ಗೀರಿನ ಮೇಲೆ ಅಂಟು ಹಾಕಿದರೆ ತುಕ್ಕು ಅಡಿಯಲ್ಲೇ ಬೆಳೆಯುತ್ತದೆ. ಹೊರಗೆ ಕಾಣುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಹಲಗೆಗೆ ನಾನು ಬಳಸಿದ್ದು 3 ಮಿಲಿಮೀಟರಿನ ಅಲ್ಯೂಮಿನಿಯಂ ಶೀಟು. ಮೊದಲು ರಟ್ಟಿನಲ್ಲಿ ಅಚ್ಚು ಮಾಡಿ ಕಿಟಕಿಯಲ್ಲಿ ಕೂರಿಸಿ ನೋಡಿ, ಸರಿಯಾದ ಮೇಲೆ ಶೀಟು ಕೊಯ್ಯಿರಿ. ಮೂಲೆಗಳನ್ನು ದುಂಡಗೆ ಬಿಡಿ, ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ. ನಡುವೆ ಬಾಗಿಲಿಗೆ ಜಾಗ ಕೊಯ್ದು, ಅಂಚಿಗೆಲ್ಲ ರಬ್ಬರ್ ಪಟ್ಟಿ ಸಿಕ್ಕಿಸಿ. ಇಲ್ಲದಿದ್ದರೆ ತೂರುವಾಗ ಹೊಟ್ಟೆಯ ಚರ್ಮ ಕಿತ್ತು ಬರುತ್ತದೆ. ಬಾಗಿಲಿನ ಕೀಲು ಮೇಲೆ ಇರಲಿ, ಚಿಲಕ ಎರಡೂ ಕಡೆಯಿಂದ ತೆಗೆಯುವಂತಿರಲಿ. ಕ್ಯಾಬಿನ ಕಡೆ ಮಾತ್ರ ಚಿಲಕ ಇಟ್ಟರೆ ಬೆಡ್‌ನಲ್ಲಿ ಮಲಗಿದವರು ಸಿಕ್ಕಿಹಾಕಿಕೊಳ್ಳುತ್ತಾರೆ. ಹಲಗೆಯನ್ನು ಗಾಜಿಗೆ ಬಳಸುವ ಯುರೆಥೇನ್‌ನಿಂದಲೇ ಅಂಟಿಸಿ. ಮುಂದೆ ಬೇಡವಾದಾಗ ಗಾಜಿನ ಹಾಗೇ ತಂತಿ ಹಾಕಿ ಬಿಡಿಸಬಹುದು.

ಹಲಗೆ ಕೂತ ಮೇಲೆ ಒಳಗಿನ ಕನ್ನಡಿಯಲ್ಲಿ ಹಿಂದಿನದು ಕಾಣುವುದಿಲ್ಲ. ಎರಡೂ ಬದಿಯ ಕನ್ನಡಿ ಕಡ್ಡಾಯವಾಗಿ ಸರಿಯಾಗಿರಬೇಕು. ನಾನು ಹಿಂದೆ ಒಂದು ಕ್ಯಾಮರಾ ಕೂಡ ಹಾಕಿಸಿದೆ. ಇಂಥ ಕೆಲಸವನ್ನು ವರ್ಕ್‌ಶಾಪಿಗೆ ಕೊಟ್ಟರೆ ಕೆಲವರು ಒಪ್ಪುವುದಿಲ್ಲ. ಗಾಡಿಯ ಸುರಕ್ಷತಾ ಭಾಗಗಳನ್ನು ಕೆಲಸಕ್ಕೆ ಬಾರದಂತೆ ಮಾಡಬಾರದು ಎಂಬ ಫೆಡರಲ್ ಕಾನೂನು ವರ್ಕ್‌ಶಾಪುಗಳಿಗೆ ಅನ್ವಯಿಸುತ್ತದೆ. ಮಾಲೀಕ ತನ್ನ ಗಾಡಿಗೆ ತಾನೇ ಮಾಡಿಕೊಳ್ಳುವುದಕ್ಕೆ ಆ ಕಾನೂನು ಅಡ್ಡ ಬರುವುದಿಲ್ಲ. ಆದರೆ ನಿಮ್ಮ ರಾಜ್ಯದ ನಿಯಮ ಬೇರೆ ಇರಬಹುದು, ಅದನ್ನು ಓದಿ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ.

ತಿದಿ ಹೊಲಿಯುವುದು

ಇಡೀ ಕೆಲಸದ ಜೀವ ಇದು. ಇದಕ್ಕೆ ಒಂದು ಇಡೀ ಶನಿವಾರ, ಭಾನುವಾರ ಕೊಡಿ.

ಅಂಗಡಿಯಲ್ಲಿ ಸಿದ್ಧ ಬೂಟುಗಳು ಸಿಗುತ್ತವೆ. ಗಾಳಿ ತುಂಬುವ ರಬ್ಬರ್ ಟ್ಯೂಬು ಒಂದು ಬಗೆ, ದಪ್ಪ ಫೋಮಿನ ಚೌಕ ಇನ್ನೊಂದು ಬಗೆ. ಸಣ್ಣ ಕಿಟಕಿಗೆ ಇವು ಸಾಕು. ನಾನು ಮೊದಲು ಗಟ್ಟಿ ಫೋಮ್ ಹಾಕಿದ್ದೆ. ಅದು ನನ್ನದೇ ತಪ್ಪು ಲೆಕ್ಕ. ಒಂದೂವರೆ ಇಂಚಿನ ಓಡಾಟ ಅದಕ್ಕೆ ತಡೆಯಲಿಲ್ಲ. ಎರಡು ತಿಂಗಳಲ್ಲಿ ಕ್ಯಾಬಿನ ಬಣ್ಣ ಬಿಳಿಚಿಕೊಂಡಿತು, ಟಾಪರ್ ಅರ್ಧ ಇಂಚು ಹಿಂದೆ ಸರಿದಿತ್ತು. ಫೋಮಿಗೂ ಬಣ್ಣಕ್ಕೂ ನಡುವೆ ಸಿಕ್ಕ ಧೂಳು ಉಪ್ಪುಕಾಗದದ ಕೆಲಸ ಮಾಡಿತ್ತು.

ಎರಡನೇ ಸಲ ಬಟ್ಟೆಯ ತಿದಿ ಹೊಲಿದೆ. ಲಾರಿಯ ಟಾರ್ಪಾಲಿನಂಥ ವಿನೈಲ್ ಲೇಪನದ ಪಾಲಿಯೆಸ್ಟರ್ ಬಟ್ಟೆ ಬೇಕು. ಉದ್ದ ಎಂದರೆ ಕಿಂಡಿಯ ಸುತ್ತಳತೆ, ಜೊತೆಗೆ ಜೋಡಣೆಗೆ 2 ಇಂಚು. ಅಗಲಕ್ಕೆ ಅತಿ ಹೆಚ್ಚಿನ ಸಂದಿನ ಅಳತೆ ತೆಗೆದುಕೊಂಡು ಅದಕ್ಕೆ ಮುಕ್ಕಾಲು ಭಾಗ ಸೇರಿಸಿ. ನನ್ನದು ಮೂರೂ ಮುಕ್ಕಾಲು ಇಂಚು. ಅದಕ್ಕೆ ಆರೂವರೆ ಇಂಚು ಬಟ್ಟೆ ಬಿಟ್ಟೆ, ಎರಡು ಅಂಚಿಗೆ ಮಡಚಲು ಇನ್ನೊಂದೊಂದು ಇಂಚು. ಪಾಲಿಯೆಸ್ಟರ್ ದಾರವನ್ನೇ ಬಳಸಿ. ಹತ್ತಿ ದಾರ ಒದ್ದೆಯಲ್ಲಿ ಕೊಳೆಯುತ್ತದೆ.

ಆ ವಾರ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದರು. ನಾನು ಮೂಲೆಯಲ್ಲಿ ಬಟ್ಟೆಯನ್ನು ಬಿಗಿಯಾಗಿ ತಿರುಗಿಸಿ ಹೊಲಿಯುತ್ತಿದ್ದೆ. ಪಕ್ಕದಲ್ಲಿ ನಿಂತು ನೋಡಿದವರು, "ಮೂಲೇಲಿ ಅಷ್ಟು ಬಿಗಿ ಹಿಡಿಬೇಡ ಮಗ, ನೆರಿಗೆ ಬಿಡು. ಎಳೆಯೋದೆಲ್ಲ ಮೂಲೇಲೇ ಅಲ್ವಾ?" ಅಂದರು. ಹೌದು, ತಿರುಚುವಿಕೆಯೆಲ್ಲ ಮೂಲೆಗೇ ಬರುತ್ತದೆ. ಹಿಟ್ಟಿನ ಉಂಡೆಯೂ ಅದನ್ನೇ ಹೇಳಿತ್ತು. ಹೊಲಿಗೆ ಬಿಚ್ಚಿ, ಪ್ರತಿ ಮೂಲೆಗೆ ಅರ್ಧ ಇಂಚಿನ ಮೂರು ನೆರಿಗೆ ಹಿಡಿದು ಮತ್ತೆ ಹೊಲಿದೆವು. ಅಮ್ಮ ಸೀರೆ ನೆರಿಗೆ ಹಿಡಿಯುವ ಹಾಗೆ ಬೆರಳಲ್ಲಿ ಒಂದೊಂದೇ ಮಡಿಕೆ ಹಿಡಿದು ಕೊಟ್ಟರು, ನಾನು ಮೆಷಿನ್ ಓಡಿಸಿದೆ. ನೆರಿಗೆಗೆ ಬೇಕಾದ ಬಟ್ಟೆಯನ್ನು ಉದ್ದದ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ. ನಾಲ್ಕು ಮೂಲೆಗೆ ಒಟ್ಟು ಒಂದು ಅಡಿ ಆಗುತ್ತದೆ. ಬಟ್ಟೆಯ ಎರಡು ತುದಿ ಸೇರುವ ಜೋಡಣೆ ಕೆಳಗಡೆ ಬರಲಿ. ಹೊಲಿಗೆಯ ಮೇಲೆ ಸೂಜಿ ತೂತು ಮುಚ್ಚುವ ಸೀಮ್ ಸೀಲರ್ ಹಚ್ಚಿ ಒಂದು ದಿನ ಒಣಗಲು ಬಿಡಿ.

ಈಗ ಕೂರಿಸುವುದು. ಟಾಪರ್ ಕಡೆಯ ಅಂಚನ್ನು ಮಾತ್ರ ಗಟ್ಟಿ ಮಾಡಿ. ಬಟ್ಟೆಯ ಮಡಿಕೆಯ ಮೇಲೆ ಒಂದು ಇಂಚಿನ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಅಡಿಗೆ ನೀರು ತಡೆಯುವ ಬ್ಯುಟೈಲ್ ಟೇಪು ಹಾಕಿ, ಮೂರು ಇಂಚಿಗೊಂದರಂತೆ ಸ್ಟೇನ್‌ಲೆಸ್ ಸ್ಕ್ರೂ ಬಿಗಿಯಿರಿ. ಕ್ಯಾಬಿನ ಕಡೆಯ ಅಂಚು ಬರೀ ಅಂಟಿ ನಿಂತರೆ ಸಾಕು. ಆ ಅಂಚಿಗೆ ತೆಳ್ಳನೆಯ ಅಲ್ಯೂಮಿನಿಯಂ ಚೌಕಟ್ಟು ಸೇರಿಸಿ, ಅದರೊಳಗೆ ಮೂರು ಇಂಚಿಗೊಂದು ಅಯಸ್ಕಾಂತ ಕೂರಿಸಿದೆ. ಮುಂಭಾಗಕ್ಕೆ ಡಿ ಆಕಾರದ ಟೊಳ್ಳು ರಬ್ಬರ್ ಬೀಡಿಂಗ್. ಕ್ಯಾಬಿನ ಬಣ್ಣದ ಮೇಲೆ, ಬೀಡಿಂಗ್ ತಾಗುವ ಜಾಗಕ್ಕೆ ಪಾರದರ್ಶಕ ಫಿಲ್ಮ್ ಅಂಟಿಸಿದೆ. ಚೌಕಟ್ಟು ಕಿಟಕಿಯ ಸುತ್ತಲಿನ ಉಕ್ಕಿನ ಮೇಲೆ, ಬ್ರೇಕ್ ದೀಪಕ್ಕಿಂತ ಕೆಳಗೆ ಕೂರುತ್ತದೆ. ಟಾಪರ್ ಇಳಿಸಬೇಕಾದಾಗ ಕೈಯಿಂದ ಎಳೆದರೆ ಬಿಟ್ಟುಕೊಳ್ಳುತ್ತದೆ. ಅತಿಯಾಗಿ ತಿರುಚಿದರೂ ಬಟ್ಟೆ ಹರಿಯುವ ಬದಲು ಅಯಸ್ಕಾಂತ ಸರಿಯುತ್ತದೆ.

2015ರ ನಂತರದ ಫೋರ್ಡ್ ಎಫ್-150 ಇರುವವರು ಗಮನಿಸಿ. ಅದರ ಬಾಡಿ ಅಲ್ಯೂಮಿನಿಯಂ, ಅಯಸ್ಕಾಂತ ಹಿಡಿಯುವುದಿಲ್ಲ. ಅಲ್ಲಿ ಅಂಚಿಗೆ ಅಂಟಿಸುವ ವೆಲ್ಕ್ರೋ ಪಟ್ಟಿ ಬಳಸಿ.

ಕೆಳಗಡೆ ಒಂದು ಕಡೆ ಎರಡು ಸಣ್ಣ ತೂತು ಬಿಡುವುದನ್ನು ಮರೆಯಬೇಡಿ. ತಿದಿಯ ಹೊಟ್ಟೆಯಲ್ಲಿ ಉಸಿರಿನ ಆವಿ ತಣ್ಣಗಾಗಿ ನೀರು ನಿಲ್ಲುತ್ತದೆ. ನಾನು ಮೊದಲು ಪೂರ್ತಿ ಮುಚ್ಚಿದ್ದೆ, ಒಂದು ವಾರದಲ್ಲಿ ಬೂಷ್ಟು ವಾಸನೆ ಬಂತು. ತೂತಿನ ಅಂಚಿಗೆ ಹಿತ್ತಾಳೆಯ ಐಲೆಟ್ ಬಳೆ ಹಾಕಿದರೆ ಬಟ್ಟೆ ಹರಿಯುವುದಿಲ್ಲ.

ನೀರಿನ ಪರೀಕ್ಷೆ

ಒಳಗೆ ಕಿಂಡಿಯ ಕೆಳಗೆ ಹಳೆಯ ಪೇಪರು ಹಾಸಿ. ಹೊರಗಿನಿಂದ ಒಬ್ಬರು ತೋಟದ ಪೈಪು ಹಿಡಿಯಲಿ, ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಲಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಪ್ರತಿ ಬದಿಗೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ಎಲ್ಲಿ ಸೋರುತ್ತಿದೆ ಅಂತ ಗೊತ್ತೇ ಆಗುವುದಿಲ್ಲ, ನೀರು ಎಲ್ಲ ಕಡೆ ಇಳಿದಿರುತ್ತದೆ. ಆಮೇಲೆ ಒಂದು ಚಕ್ರವನ್ನು ರ‍್ಯಾಂಪಿನ ಮೇಲೆ ಹತ್ತಿಸಿ, ಗಾಡಿ ತಿರುಚಿದ ಸ್ಥಿತಿಯಲ್ಲಿ ಇದನ್ನೇ ಇನ್ನೊಮ್ಮೆ ಮಾಡಿ. ಸಪಾಟು ನೆಲದಲ್ಲಿ ಸೋರದ ತಿದಿ ಇಲ್ಲಿ ಸೋರಬಹುದು.

ಹೊಗೆ

ಇದನ್ನು ಓದದೆ ಬಿಡಬೇಡಿ. ಕಿಂಡಿ ಮಾಡಿದ ಮೇಲೆ ಬೆಡ್‌ನ ಗಾಳಿ ಕ್ಯಾಬಿಗೆ ಬರುತ್ತದೆ. ಗಾಡಿ ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಸೈಲೆನ್ಸರ್ ಹೊಗೆ ಅಲ್ಲೇ ಸುತ್ತುತ್ತದೆ. ಟಾಪರ್‌ನ ಹಿಂದಿನ ಗಾಜು ತೆರೆದಿದ್ದರೆ ಅಥವಾ ಟೇಲ್‌ಗೇಟಿನ ಸಂದು ಬಿಟ್ಟಿದ್ದರೆ ಆ ಹೊಗೆ ಒಳಗೆ ಬಂದು, ಕಿಂಡಿಯಿಂದ ನೇರ ನಿಮ್ಮ ಮುಖಕ್ಕೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತೂಕಡಿಕೆ ಬಂದಾಗ ದಣಿವು ಅಂದುಕೊಳ್ಳುತ್ತೇವೆ.

ಹಾಗಾಗಿ ಓಡಿಸುವಾಗ ಕಿಂಡಿಯ ಬಾಗಿಲು ಹಾಕಿ ಚಿಲಕ ಬಿಗಿದಿರಬೇಕು. ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಸಾಮಾನು ತಲೆಗೆ ಬಂದು ಬಡಿಯದಿರುವುದಕ್ಕೂ ಇದು ಬೇಕು. ಟೇಲ್‌ಗೇಟಿನ ಸುತ್ತ ರಬ್ಬರ್ ಬೀಡಿಂಗ್ ಹಾಕಿ. ಮಲಗುವ ಎತ್ತರದಲ್ಲಿ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು, ಕ್ಯಾಬಿನಲ್ಲಿ ಇನ್ನೊಂದು ಇರಲಿ. ಇಂಜಿನ್ ಚಾಲೂ ಇಟ್ಟು ಹೀಟರ್ ಹಾಕಿಕೊಂಡು ಮಲಗುವುದು ಬೇಡವೇ ಬೇಡ. ಹಿಮ ಬೀಳುವ ಜಾಗದಲ್ಲಿ ಸೈಲೆನ್ಸರ್ ಬಾಯಿ ಮುಚ್ಚಿಹೋದರೆ ಹೊಗೆ ಗಾಡಿಯ ಅಡಿಯಿಂದಲೇ ಒಳಗೆ ಏರುತ್ತದೆ. ಒಳಗೆ ಗ್ಯಾಸ್ ಒಲೆಯನ್ನೂ ಹಚ್ಚಬೇಡಿ.

ಮಕ್ಕಳು "ನಾವು ಹಿಂದೆ ಮಲಗಿಕೊಂಡು ಬರ್ತೀವಿ" ಅನ್ನುತ್ತಾರೆ. ನಮ್ಮ ಮನೆಯಲ್ಲೂ ಕೇಳಿದರು. ಇಲ್ಲ ಎಂದೆ. ಅಲ್ಲಿ ಸೀಟಿಲ್ಲ, ಬೆಲ್ಟಿಲ್ಲ, ಅಪಘಾತದಲ್ಲಿ ಟಾಪರ್ ಕಿತ್ತು ಹೋಗಬಹುದು. ಕೆಲವು ರಾಜ್ಯಗಳ ಕಾನೂನು ಬಿಟ್ಟರೂ ನೀವು ಬಿಡಬೇಡಿ. ಕಿಂಡಿ ಇರುವುದು ನಿಂತ ಗಾಡಿಗೆ.

ಮಲಗುವ ಅಟ್ಟ

ಕಿಟಕಿಯ ಕೆಳ ಅಂಚು ಹೆಚ್ಚುಕಮ್ಮಿ ಬೆಡ್‌ನ ಗೋಡೆಯ ಎತ್ತರಕ್ಕೆ ಬರುತ್ತದೆ. ಹಾಸಿಗೆ ನೆಲದ ಮಟ್ಟದಲ್ಲಿದ್ದರೆ ಕಿಂಡಿಯಿಂದ ತಲೆ ಕೆಳಗಾಗಿ ಇಳಿಯಬೇಕಾಗುತ್ತದೆ. ಚಕ್ರದ ಉಬ್ಬಿಗಿಂತ ಸ್ವಲ್ಪ ಮೇಲೆ ಪ್ಲೈವುಡ್ ಅಟ್ಟ ಕಟ್ಟಿ. ಕೆಳಗೆ ಸಾಮಾನಿಗೆ ಜಾಗ, ಮೇಲೆ ಕೂತರೆ ತಲೆ ತಾಗದಷ್ಟು ಎತ್ತರ, ಕಿಂಡಿಗೆ ಒಂದೇ ಮೆಟ್ಟಿಲಿನಷ್ಟು ಅಂತರ. ಐದಡಿ ಬೆಡ್‌ನವರಿಗೆ ಕಾಲು ಚಾಚಲು ಆಗದು. ಕಿಂಡಿಯಿಂದ ಕಾಲನ್ನು ಕ್ಯಾಬಿಗೆ ಚಾಚಿ ಮಲಗಬಹುದೇ ಎಂದು ಒಬ್ಬ ಸ್ನೇಹಿತರು ಕೇಳಿದರು. ಆಗುತ್ತದೆ, ಆದರೆ ಹಿಂದಿನ ಸೀಟಿನ ಮೇಲೆ ಅಟ್ಟದ ಮಟ್ಟಕ್ಕೆ ಪೆಟ್ಟಿಗೆ ಜೋಡಿಸಬೇಕು, ತಿದಿಯ ಮೇಲೆ ಭಾರ ಬೀಳದ ಹಾಗೆ ಅದರ ಮೇಲೊಂದು ಹಲಗೆಯ ಸೇತುವೆ ಬೇಕು. ಆ ಹಲಗೆಯನ್ನು ಒಂದು ಕಡೆಗೆ ಮಾತ್ರ ಸಿಕ್ಕಿಸಿ, ಗಾಡಿ ಓಡಿಸುವ ಮೊದಲು ತೆಗೆದಿಡಿ.

ಬೆಳಗ್ಗೆ ಗಾಜಿನ ಮೇಲೆಲ್ಲ ಆವಿ ಕಟ್ಟುತ್ತದೆ. ಟಾಪರ್‌ನ ಬದಿಯ ಕಿಟಕಿ ಒಂದು ಇಂಚು, ಕ್ಯಾಬಿನ ಕಿಟಕಿ ಒಂದು ಇಂಚು ತೆರೆದಿಟ್ಟರೆ ಕಿಂಡಿಯ ಮೂಲಕ ಗಾಳಿ ಆಡುತ್ತದೆ. ಇದು ನಾನು ಎಣಿಸದೆ ಬಂದ ಲಾಭ. ಕರಡಿಗಳಿರುವ ಕಾಡಿನಲ್ಲಿ ಊಟದ ಡಬ್ಬಿ ಗಾಡಿಯೊಳಗೆ ಇಟ್ಟು ಮಲಗಬೇಡಿ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಕತ್ತಲಾದ ಮೇಲೆ ಗಾಡಿಯಲ್ಲಿ ಆಹಾರ ಇಡುವುದೇ ನಿಷಿದ್ಧ. ಅಲ್ಲಿ ಕಬ್ಬಿಣದ ಪೆಟ್ಟಿಗೆಗಳನ್ನು ಇಟ್ಟಿರುತ್ತಾರೆ.

ಊರಿನಲ್ಲಿ ಮಾಡುವವರಿಗೆ

ಕರ್ನಾಟಕದಲ್ಲಿ ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಇಟ್ಟುಕೊಂಡವರಿಗೂ ಇಂಥ ಆಸೆ ಇರುತ್ತದೆ. ದಯವಿಟ್ಟು ಇದನ್ನು ನೋಡಿ ಹಾಗೇ ಮಾಡಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿನ್ಯಾಸ ಮತ್ತು ಆರ್‌ಸಿಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಹಿಂದಿನ ಗಾಜು ತೆಗೆಯುವ ಮಾತು ಹಾಗಿರಲಿ, ಟಾಪರ್ ಹಾಕುವ ಮೊದಲೂ ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಿ.

ಆಮೇಲಿನ ನಿಗಾ

ಮೊದಲ 500 ಮೈಲಿ ಆದ ಮೇಲೆ ಟಾಪರ್‌ನ ಕ್ಲಾಂಪುಗಳನ್ನು ಮತ್ತೆ ಬಿಗಿಯಿರಿ, ಸಡಿಲ ಆಗಿಯೇ ಇರುತ್ತವೆ. ಮಳೆಗಾಲಕ್ಕೆ ಮೊದಲು ರಬ್ಬರ್ ಬೀಡಿಂಗ್ ಒರೆಸಿ ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲೀನ್ ಹಚ್ಚಬೇಡಿ, ರಬ್ಬರ್ ಊದಿಕೊಳ್ಳುತ್ತದೆ. ಕ್ಯಾಬಿನ ಮೇಲಿನ ಫಿಲ್ಮ್ ಸವೆದಿದ್ದರೆ ಬದಲಿಸಿ. ಗಾಡಿಗೆ ವಯಸ್ಸಾದಂತೆ ಕ್ಯಾಬಿನ ಅಡಿಯ ರಬ್ಬರ್ ಬುಷ್‌ಗಳು ಕುಗ್ಗುತ್ತವೆ, ಸಂದಿನ ಅಳತೆ ಬದಲಾಗುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ನಾಲ್ಕು ಮೂಲೆಗೆ ಮತ್ತೆ ಹಿಟ್ಟಿನ ಉಂಡೆ ಅಂಟಿಸಿ, ಅದೇ ಕಾಡುರಸ್ತೆಯಲ್ಲಿ ಒಮ್ಮೆ ಓಡಿಸಿ ಬನ್ನಿ. ಹಳೆಯ ಅಳತೆಗಿಂತ ಕಾಲು ಇಂಚು ಹೆಚ್ಚುಕಮ್ಮಿ ಬಂದರೆ ಮೊದಲು ಬುಷ್ ನೋಡಿಸಿ, ತಿದಿಯನ್ನು ಆಮೇಲೆ ಮುಟ್ಟಿ.